ಬಳೆಗಳ ಕೆಳಗಿನ ನಾಡಿ

ಸುಂದರವ್ವ ಕಣ್ಣು ಮುಚ್ಚಿದಳು, ಅಷ್ಟೇ ತಪ್ಪು. ಎದೆಯ ಮೇಲೆ ಧಡ್ ಎಂದು ಗುದ್ದು ಬಿತ್ತು.

"ಉಳದಿ ತಂಗಿ! ನಾಡಿ ನಿಂತಿತ್ತು" ಎಂದಳು ಪಕ್ಕದ ಮನೆಯ ಇಂದ್ರವ್ವ. ಬೈಲಹೊಂಗಲದ ಅರ್ಧ ಮನೆಗಳಿಗೆ ಖಾರ ಕುಟ್ಟಿಕೊಡುವ ಕೈ ಅದು. ಒನಕೆ ಹಿಡಿಯದಿದ್ದರೂ ಒನಕೆಯೇ.

"ನಿದ್ದಿ ಹತ್ತಿತ್ತಬೇ!"

"ಸಾಯಾವ್ರೆಲ್ಲಾ ಹಂಗ ಅಂತಾರ."

ಹಿಂದಿನ ವಾರ ಸುಂದರವ್ವ ಒಲೆಯ ಮುಂದೆ ತಲೆ ತಿರುಗಿ ಬಿದ್ದಿದ್ದಳು. ಬೆಳಗಾವಿಯ ಡಾಕ್ಟರರು, ಎದೆಬಡಿತದಲ್ಲಿ ಏರುಪೇರಿದೆ, ವಿಶ್ರಾಂತಿ ಕೊಡಿ, ಎಚ್ಚರ ತಪ್ಪಿ ನಾಡಿಯೇ ಸಿಗದಿದ್ದರೆ ಮಾತ್ರ ಎದೆಗೊಂದು ಗುದ್ದು ಕೊಡಿ ಎಂದಿದ್ದರು. ಮನೆಯವರ ಕಿವಿಗೆ ವಿಶ್ರಾಂತಿ ಬೀಳಲಿಲ್ಲ, ಗುದ್ದು ಬಿತ್ತು. ಇಷ್ಟು ವರ್ಷ ಅವಳಿಗೊಂದು ಎದೆಯಿದೆಯೆಂದು ಯಾರಿಗೂ ಹೊಳೆದಿರಲಿಲ್ಲ. ಈಗ ಓಣಿಗೆಲ್ಲ ಅದರದೇ ಕಾಳಜಿ. ಅವಳಿಗೆ ಬೇಕಾಗಿದ್ದು ಒಂದು ಮಧ್ಯಾಹ್ನದ ನಿದ್ದೆ.

ಅವಳ ಮುಂಗೈ ತುಂಬ ಹಸಿರು ಗಾಜಿನ ಬಳೆಗಳು ಬಿಗಿದು ಕೂತಿದ್ದವು. ಇಂದ್ರವ್ವ ಅವುಗಳ ಮೇಲೆಯೇ ಬೆರಳಿಟ್ಟು, ಗಾಜು ಮಿಡಿಯುತ್ತಿಲ್ಲವೆಂದು ಗುದ್ದುತ್ತಿದ್ದಳು.

"ಬಳಿ ತಗದರ ನಾಡಿ ಸಿಗತೈತಿ" ಎಂದಳು ಸುಂದರವ್ವ.

"ಮುತ್ತೈದಿ ಬಳಿ ತಗೀತಾಳೇನ?" ಅಡುಗೆಮನೆಯಿಂದ ಅತ್ತೆ ಮಾಯವ್ವ ಕೂಗಿದಳು. "ನನ್ನ ಮಗಾ ಇನ್ನೂ ಗಟ್ಟಿ ಅದಾನ!"

ಗಟ್ಟಿಯಾಗಿದ್ದ ಮಗ ಉಳವಪ್ಪ ಪೇಟೆಯಿಂದ ಬಂದು ಊಟ ಮುಗಿಸಿ, ಪಡಸಾಲೆಯಲ್ಲಿ ಟ್ರಾನ್ಸಿಸ್ಟರ್ ಜೊತೆ ಪೈಪೋಟಿಗೆ ಬಿದ್ದವನಂತೆ ಗೊರಕೆ ಹೊಡೆಯುತ್ತಿದ್ದ. ಅವನು ಕಣ್ಣು ಮುಚ್ಚಿದರೆ ದಣಿವು; ಹೆಂಡತಿ ಮುಚ್ಚಿದರೆ ಸಾವು.

ಸುಮ್ಮನಿದ್ದರೆ ಒಂದು ಗುದ್ದು. ಆಕಳಿಸಿದರೆ ಇನ್ನೊಂದು. ಅಳು ನುಂಗಿ ಉಸಿರು ಬಿಗಿಹಿಡಿದದ್ದಕ್ಕೆ ಮತ್ತೊಂದು. ಇಂದ್ರವ್ವ ಚಹಾಕ್ಕೆಂದು ಒಳಗೆ ಹೋದದ್ದೇ ತಡ, ಸುಂದರವ್ವ ಬಚ್ಚಲಿಗೆ ಹೋಗಿ ಸಾಬೂನು ಸವರಿ ಬಳೆಗಳನ್ನು ಕಳಚಿದಳು. ಮುಂಗೈ ಮುಟ್ಟಿ ನೋಡಿದಳು. ಯಾರ ಅಪ್ಪಣೆಯೂ ಇಲ್ಲದೆ ನಾಡಿ ತನ್ನ ಪಾಡಿಗೆ ಮಿಡಿಯುತ್ತಿತ್ತು. ನೆಮ್ಮದಿಯಿಂದ ಬಂದು ಮಲಗಿದಳು.

ಚಹಾ ತಂದ ಮಾಯವ್ವನಿಗೆ ಕಂಡದ್ದು ಸೊಸೆಯ ಬರಿಗೈ. ಬಟ್ಟಲು ಜಾರಿತು.

"ಆಕಿ ಬಳಿ ತಗದಾಳ! ಅಯ್ಯೋ, ನನ್ನ ಮಗಾ ಹೋದನೋ!"

ಇಂದ್ರವ್ವ ವಿಚಾರಿಸುತ್ತ ನಿಲ್ಲುವವಳಲ್ಲ. ಪಡಸಾಲೆಗೆ ಹಾರಿದಳು. ಉಳವಪ್ಪ ಮಗ್ಗಲು ಬದಲಿಸುತ್ತಿದ್ದುದರಿಂದ ಗೊರಕೆ ಆಗತಾನೇ ನಿಂತಿತ್ತು. ಎರಡೂ ಮುಷ್ಟಿ ಒಟ್ಟಿಗೇ ಬಿದ್ದವು.

"ಯವ್ವಾ, ಸತ್ತೆ!"

"ಮಾತಾಡಿದಾ! ಜೀವ ಬಂತು!" ಎಂದು ಮಾಯವ್ವ ಕೈಮುಗಿದಳು.

ಓಣಿಯ ಡಾಕ್ಟರು ಬಂದು ಉಳವಪ್ಪನ ಪಕ್ಕೆ ಒತ್ತಿ ನೋಡಿದರು. "ಎಲುಬಿಗೆ ಪೆಟ್ಟು ಬಿದ್ದೈತ್ರಿ. ನಾಕು ದಿನಾ ಮಲಗಲಿ. ಹಗಲೂ ರಾತ್ರಿ ಯಾರರ ಒಬ್ಬರು ಎಚ್ಚರಾಗಿ ಕುಂತು ಉಸಿರ ನೋಡಕೋರಿ."

ಎಲ್ಲರೂ ಸುಂದರವ್ವನ ಕಡೆ ತಿರುಗಿದರು.

"ನನಗ ಎದಿ ರೋಗ ಐತೆಲ್ಲಬೇ ಅತ್ತಿ" ಎಂದಳು ಅವಳು.

"ಎಲ್ಲೀ ರೋಗ?" ಎಂದಳು ಮಾಯವ್ವ. "ಮುಂಜಾನಿಂದ ಅಷ್ಟು ಗುದ್ದು ತಿಂದರೂ ನಿಂತಿಲ್ಲ!"