ಬೆರಳು ಉಳಿಸೋ ಮೆಸೇಜಿಗೂ ಒಪ್ಪಿಗೆ ಕೇಳೋ ಆ್ಯಪಿನ ಸಾಹೇಬರಿಗೆ

ಅದೇ ಹೇಳ್ತಾ ಇದ್ದೆ, ಮಾನ್ಯ ಎಚ್.ಆರ್. ಮ್ಯಾನೇಜರ್ ಉಮಾಶಂಕರ್ ಸಾರ್ ಅವರೇ, ಆ್ಯಪಲ್ಲಿ ಹಾಕಿದ ನನ್ನ ಕಂಪ್ಲೇಂಟು ಇನ್ನೂ ‘ಪರಿಶೀಲನೆಯಲ್ಲಿದೆ’ ಅಂತಾನೇ ತೋರಿಸ್ತಿರೋದ್ರಿಂದ ಮಿಕ್ಕಿದ್ದನ್ನ ಕ್ಯಾಂಟೀನ್ ಗೋಡೆಗೆ ಅಂಟಿಸ್ತಾ ಇದೀನಿ, ದಯವಿಟ್ಟು ತಟ್ಟೆ ಹಿಡ್ಕೊಂಡೇ ಓದ್ಬೇಕು.

ಮೊದಲಿಗೆ ತಮಗೆ ಕೋಟಿ ನಮಸ್ಕಾರ. ನೌಕರರೆಲ್ಲ ಮಾತಾಡ್ಕೊಂಡು ಒಟ್ಟಿಗೆ ಕೆಲಸ ಮಾಡ್ಲಿ ಅಂತ ನಮ್ಮ ಮಾಲೂರು ಫ್ಯಾಕ್ಟರಿಗೆ ತಾವು ಸ್ವಂತ ಆ್ಯಪ್ ತಂದಾಗ ಎಲ್ಲರಿಗಿಂತ ಮುಂಚೆ ಡೌನ್‌ಲೋಡ್ ಮಾಡಿ ಹಾರ್ಟ್ ಮೇಲೆ ಹಾರ್ಟ್ ಒತ್ತಿದವಳು ಪ್ಯಾಕಿಂಗ್ ಸೆಕ್ಷನ್ನಿನ ಈ ಮೆಹ್ರೀನೇ. ಶಿಸ್ತಿಲ್ಲ ಅಂತ ನಮ್ಮ ವಾಟ್ಸಾಪ್ ಗ್ರೂಪ್ ಮುಚ್ಚಿಸಿದಾಗ್ಲೂ ತಮ್ಮ ಪರವಾಗಿ ಎಲ್ಲರ ಹತ್ರ ಜಗಳ ಆಡಿದ್ದೆ. ಆ ಗ್ರೂಪಲ್ಲಿ ಇದ್ದಿದ್ದಾದ್ರೂ ಏನು, ಶಿಫ್ಟ್ ಮುಗಿಸಿ ಬಸ್ ಹತ್ತೋರು ಒಳಗೆ ಬರೋರಿಗೆ, ಯಾವ ಮೆಷಿನ್ ಇವತ್ತು ಹೇಗೆ ಸಿಡುಕ್ತಿದೆ ಅಂತ ವಾಯ್ಸ್ ಬಿಡ್ತಿದ್ರು, ಅಷ್ಟೇ.

ತಮ್ಮ ಆ್ಯಪ್ ಮಾತ್ರ ಭಾರಿ ಸಂಸ್ಕಾರವಂತ. ದಿನಾ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕೋ ಸ್ಟೋರ್ಸಿನ ಪೆದ್ದಪ್ಪ ಮಾಮನಿಗೆ ‘ಸಹಯೋಗ ರತ್ನ’ ಬ್ಯಾಡ್ಜ್ ಕೊಡ್ತು. ತಗಡು ಒತ್ತೋ ಪ್ರೆಸ್ಸಿನ ಆಪರೇಟರ್ ರಜನಿ ಅಕ್ಕ ಮನೆಗೆ ಹೊರಟಾಗ, ಮುಂದಿನ ಶಿಫ್ಟಿಗೆ ಅದೇ ಪ್ರೆಸ್ಸಿಗೆ ಕೂರೋ ಹುಡುಗನಿಗೆ, “ಲೇ ನರೇಶಾ, ಪೆಡಲಿಂದ ಕಾಲು ತೆಗೆದ್ರೂ ಪ್ರೆಸ್ ಇಳೀತೈತೆ ಕಣೋ, ಚೆಯ್ಯಿ ಪೆಟ್ಟೊದ್ದು, ಕೈ ಹಾಕ್ಬೇಡ!” ಅಂತ ಅರ್ಧ ತೆಲುಗಲ್ಲಿ ಕೂಗಿದ ವಾಯ್ಸನ್ನ ಮಾತ್ರ ‘ಸಭ್ಯ ಭಾಷೆ ಬಳಸಿ, ಅಡ್ಮಿನ್ ಒಪ್ಪಿಗೆಗೆ ಕಾಯಿರಿ’ ಅಂತ ತಡೆದು ನಿಲ್ಲಿಸ್ತು. ಅಡ್ಮಿನ್ ಆದ ತಾವು ಆವಾಗ ಕೋಲಾರದಲ್ಲಿ ‘ಸಂವಹನವೇ ಸುರಕ್ಷತೆ’ ಅಂತ ಭಾಷಣ ಮಾಡ್ತಾ ಇದ್ರಿ. ಅಕ್ಕ ಕಾಯಲಿಲ್ಲ. ಬಸ್ಸಲ್ಲೇ ಹೊಸ ವಾಟ್ಸಾಪ್ ಗ್ರೂಪ್ ಮಾಡಿ ಅದೇ ವಾಯ್ಸ್ ಹಾಕಿದ್ರು. ಕೇಳಿಸ್ಕೊಂಡ ನರೇಶ್ ಪ್ರೆಸ್ ಮುಂದಿಂದ ಎದ್ದ. ಅವನ ಬೆರಳುಗಳು ಇವತ್ತಿಗೂ ಅವನ ಹತ್ರಾನೇ ಇವೆ.

ಈ ಅಪರಾಧಕ್ಕೆ ಅಕ್ಕನಿಗೆ ತಾವು ಕೊಟ್ಟಿದ್ದು ಸಸ್ಪೆನ್ಷನ್. ಸೋಮವಾರ ಎನ್‌ಕ್ವೈರಿಯಂತೆ, ಕೆಲಸ ಹೋಯ್ತು ಅಂತ ಸೂಪರ್‌ವೈಸರ್ ಆಗ್ಲೇ ಸಾರ್ಕೊಂಡು ತಿರುಗ್ತಿದಾರೆ. ‘ಅನಧಿಕೃತ ಗುಂಪಿನಲ್ಲಿ ಯಂತ್ರದ ಬಗ್ಗೆ ವದಂತಿ’ ಅಂತ ಮೆಮೋ ಬರೆದಿದೀರಲ್ಲ, ಆಹಾ, ಎಂಥಾ ಕನ್ನಡ ಸಾರ್, ಫ್ಯಾನ್ ಆಗ್ಬಿಟ್ಟೆ!

ಆದ್ದರಿಂದ ನಮ್ಮ ವಿನಮ್ರ ಬೇಡಿಕೆ ಏನಂದ್ರೆ, ಆ ಪ್ರೆಸ್ಸಿಗೂ ಆ್ಯಪಲ್ಲೊಂದು ಅಕೌಂಟ್ ಮಾಡಿಸಿ. ಇಳಿಯೋಕೆ ಮುಂಚೆ ಅದೂ ತಮ್ಮ ಒಪ್ಪಿಗೆ ಕೇಳ್ಲಿ, ತಾವು ಭಾಷಣ ಮುಗಿಸಿ ಫೋನ್ ನೋಡೋವರೆಗೂ ಗಾಳೀಲೇ ನಿಂತಿರ್ಲಿ. ಅದು ಆಗಲ್ಲ ಅಂದ್ರೆ ಅಕ್ಕನ್ನ ವಾಪಸ್ ಕರೀರಿ, ಇದಕ್ಕೆ ಅಪ್‌ಡೇಟ್ ಏನೂ ಬೇಕಾಗಲ್ಲ.

ಇಂತಿ,
ಇನ್ನೂ ಬ್ಲಾಕ್ ಆಗದಿರೋ ತಮ್ಮ ವಿಶ್ವಾಸಿ,
ಮೆಹ್ರೀನ್

ಬರೆಯೋಕೆ ಮರೆತಿದ್ದು: ಪ್ರೆಸ್ ‘ಸುಸ್ಥಿತಿಯಲ್ಲಿದೆ’ ಅಂತ ಮೆಮೋದಲ್ಲಿ ತಾವೇ ಸೈನ್ ಹಾಕಿದೀರಿ. ಹಾಗಾದ್ರೆ ಎನ್‌ಕ್ವೈರಿ ಆಫೀಸಲ್ಲಿ ಯಾಕೆ, ಪ್ರೆಸ್ ಮುಂದೇನೇ ಇಟ್ಕೊಳ್ಳೋಣ. ರಜನಿ ಅಕ್ಕ ಪೆಡಲ್ ಒತ್ತಿ ಕಾಲು ತೆಗೀತಾರೆ. ಸೈನ್ ಹಾಕಿದ ಆ ಕೈನ ತಾವು ಒಳಗಿಡ್ತೀರಾ ಸಾರ್?