ಹತ್ತು ಹೆಜ್ಜೆ

ಹೆಂಡತಿಯ ಮುರಿದ ಕಾಲಿಗಿಂತ ಆ ಕಾಲನ್ನು ನೋಡಲು ಬರುವವರೇ ನ್ಯಾಮತಿಯ ನಿವೃತ್ತ ಪೋಸ್ಟ್‌ಮನ್ ಜಯದೇವಪ್ಪನವರಿಗೆ ದೊಡ್ಡ ತಲೆನೋವಾಗಿದ್ದರು.

ರುದ್ರಾಣಮ್ಮ ನಲ್ಲಿಯ ಹತ್ತಿರ ಜಾರಿ ಬಿದ್ದು, ತೊಡೆಯ ಮೂಳೆಗೆ ರಾಡು ಹಾಕಿಸಿಕೊಂಡು ಎರಡು ತಿಂಗಳಾಗಿತ್ತು. "ಮುಂದಿನ ಸಲ ತೋರಿಸಲು ಬರುವಷ್ಟರಲ್ಲಿ ಹತ್ತು ಹೆಜ್ಜೆಯಾದರೂ ನಡೆಸಿ. ಇಲ್ಲದಿದ್ದರೆ ಕೀಲು ಬಿಗಿದು ಹಾಸಿಗೆಯೇ ಗತಿ," ಎಂದು ಡಾಕ್ಟರು ಎಚ್ಚರಿಸಿದ್ದರು. ಅಂದಿನಿಂದ ಜಯದೇವಪ್ಪ ಪರೀಕ್ಷೆಗೆ ಕೂತ ಹುಡುಗನಂತೆ ಬೆವರುತ್ತಿದ್ದರು.

ನಾಳೆ ತೋರಿಸಲು ಹೋಗಬೇಕು ಎನ್ನುವ ದಿನ ಬೆಳಿಗ್ಗೆ ವಾಕರ್ ಹಿಡಿಸಿ ನಿಲ್ಲಿಸಿದರು. "ಒಂದು ಹೆಜ್ಜೆ ಹಾಕು, ರುದ್ರಾಣಿ."

"ಅಯ್ಯೋ, ಆಗಲ್ರೀ!"

ಅಷ್ಟರಲ್ಲಿ ಎದುರುಮನೆಯ ಚೌಡಮ್ಮ ಬ್ರೆಡ್ಡು ಹಿಡಿದು ಬಂದರು. ನೋಡಲು ಬಂದವರೆದುರು ರೋಗಿ ಎದ್ದು ನಿಂತಿದ್ದರೆ ತಂದ ಬ್ರೆಡ್ಡಿಗೇ ಅವಮಾನ. ರುದ್ರಾಣಮ್ಮ ತಟ್ಟನೆ ಮಲಗಿ ನರಳಿದರು.

"ಈ ವಯಸ್ಸಿನಾಗೆ ನಡೆಸಾಕೆ ಹೋಗಿ ಕೊಲ್ತೀರೇನ್ರೀ?" ಎಂದು ಚೌಡಮ್ಮ ಗದರಿ, ಕಾಫಿ ಕುಡಿದು ಹೋದರು.

ಎರಡನೇ ಸಲ ನಿಲ್ಲಿಸಿದಾಗ ಟೈಲರ್ ಚಾಂದ್ ಸಾಬ್ ಮೂಸಂಬಿ ತಂದರು. "ಕಾಲಿಗೆ ಆರಾಮ್ ಕೊಡ್ರಿ, ಅಣ್ಣಾರೆ. ನೀವಿಲ್ದೆ ನಮ್ಮ ಅಂಗಡಿ ಕಟ್ಟೆ ಎರಡು ತಿಂಗಳಿಂದ ಖಾಲಿ ಖಾಲಿ ಐತೆ ನೋಡ್ರಿ." ನಿವೃತ್ತಿಯಾದಾಗಿನಿಂದ ಜಯದೇವಪ್ಪನವರ ಹಗಲೆಲ್ಲ ಕಳೆಯುತ್ತಿದ್ದದ್ದು ಆ ಕಟ್ಟೆಯ ಮೇಲೆಯೇ.

ಚಾಂದ್ ಹೋದ ಮೇಲೆ ಜಯದೇವಪ್ಪನವರಿಗೆ ಉಪಾಯವೊಂದು ಹೊಳೆಯಿತು. ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದರೆ, ಮನೆಯಲ್ಲಿ ಯಾರೂ ಇಲ್ಲವೆಂದು ಜನ ವಾಪಸು ಹೋಗುತ್ತಾರೆ. ತಾವು ಹಿತ್ತಲಿನಿಂದ ಒಳಗೆ ಬಂದರಾಯಿತು. ಒಲೆಯ ಮೇಲೆ ಹಾಲಿಟ್ಟು ಹೊರಬಂದು, ಒತ್ತಿದರೆ ಬೀಳುವ ಬೀಗವನ್ನು ಒತ್ತಿ, ಅಭ್ಯಾಸದಂತೆ ಮೂರು ಸಲ ಜಗ್ಗಿ ನೋಡಿದರು. ಗಟ್ಟಿಯಾಗಿ ಬಿದ್ದಿತ್ತು.

ಹಿತ್ತಲಿಗೆ ಬಂದಾಗಲೇ ನೆನಪಾದದ್ದು: ಕೋತಿಗಳ ಕಾಟಕ್ಕೆ ಆ ಬಾಗಿಲ ಚಿಲಕವನ್ನು ತಾವೇ ಒಳಗಿನಿಂದ ಹಾಕಿದ್ದರು. ಬೀಗದ ಕೈಯೂ ಒಳಗೆ, ಮೊಳೆಗೆ ನೇತಾಡುತ್ತಿತ್ತು.

"ರುದ್ರಾಣೀ!" ಎಂದು ಬಾಗಿಲು ಬಡಿದರು. ಕಿಟಕಿಯಿಂದ ಹಾಲು ಸೀದ ವಾಸನೆ ಬಂತು.

ಕೂಗಿಗೆ ಚೌಡಮ್ಮ ಓಡಿಬಂದರು. "ಕಾಲಿಲ್ಲದ ಹೆಂಡ್ತೀನ ಒಳಗೆ ಕೂಡಿಹಾಕಿ ಎಲ್ಲಿಗೆ ಹೊಂಟಿದ್ರಿ?"

ಚಾಂದ್ ಸುತ್ತಿಗೆ ತಂದು ಮುಂಬಾಗಿಲ ಬೀಗಕ್ಕೆ ಹೊಡೆದರು. ಸುತ್ತಿಗೆಯ ಹಿಡಿ ಮುರಿಯಿತು, ಬೀಗ ಮಿಸುಕಲಿಲ್ಲ. ಜಯದೇವಪ್ಪ ಹಿತ್ತಲ ಬಾಗಿಲಿಗೆ ಹಣೆ ಒತ್ತಿ ಅತ್ತೇಬಿಟ್ಟರು. "ಗ್ಯಾಸ್ ಉರೀತೈತೆ, ಎದ್ದೇಳಾಕೂ ಆಗಲ್ಲ ಅವಳಿಗೆ. ನಾನೇ ಕೊಂದೆ!"

ಚಿಲಕ ಸರಿಯಿತು. ಬಾಗಿಲಲ್ಲಿ ರುದ್ರಾಣಮ್ಮ ನಿಂತಿದ್ದರು. ಕೈಯಲ್ಲಿ ವಾಕರ್ ಇರಲಿಲ್ಲ, ಸೆರಗಿನಲ್ಲಿ ಹಿಡಿದ ಹಾಲಿನ ಪಾತ್ರೆಯಿತ್ತು.

"ಯಾಕ್ರೀ ಹಿಂಗೆ ಬಡೀತೀರಿ? ಹಾಲು ಇಳಿಸಿ ಬರಬೇಕಲ್ಲ!"

ಎಲ್ಲರೂ ಬಾಯಿ ತೆರೆದು ನಿಂತರು. ಮೊದಲು ಬಾಯಿ ಮುಚ್ಚಿದ್ದು ಚೌಡಮ್ಮ, ಅದೂ ಮತ್ತೆ ತೆರೆಯಲು. "ನಡೆಯೋ ಹೆಂಡ್ತೀನ ಮಲಗಿಸಿ ಊರಿನ ಬ್ರೆಡ್ಡೆಲ್ಲ ತಿಂದ್ರಲ್ರೀ ಯಜಮಾನ್ರೇ!" ಹೋಗುವಾಗ ತಮ್ಮ ಬ್ರೆಡ್ಡನ್ನೂ ಎತ್ತಿಕೊಂಡು ಹೋದರು.

ಮನೆ ಖಾಲಿಯಾದ ಮೇಲೆ ಜಯದೇವಪ್ಪ ಮೆಲ್ಲಗೆ ಕೇಳಿದರು. "ಯಾವಾಗಿಂದ?"

"ಹದಿನೈದು ದಿನ ಆತು. ನೀವು ಹಾಲು ತರಾಕೆ ಹೋದಾಗೆಲ್ಲ ನಡೀತಿದ್ದೆ."

"ನನಗ್ಯಾಕೆ ಹೇಳಲಿಲ್ಲ?"

ರುದ್ರಾಣಮ್ಮ ಮಂಚದ ಪಕ್ಕದ ಸ್ಟೂಲನ್ನು ನೋಡಿದರು. ಎರಡು ತಿಂಗಳು ಗಂಡ ಕೂತು ಕೂತು ಅದರ ಬಣ್ಣ ಸವೆದಿತ್ತು. "ಮೂವತ್ತೆಂಟು ವರ್ಷ ಊರಿಗೆಲ್ಲ ಕಾಗದ ಕೊಟ್ರಿ, ಆಮೇಲೆ ಕಟ್ಟೆ ಹಿಡಿದ್ರಿ. ನನ್ನ ಹತ್ರ ಹಿಂಗೆ ಕುಂತಿದ್ದು ಇದೇ ಮೊದಲು. ನಡೆದೆ ಅಂದಿದ್ರೆ ಎದ್ದು ಹೋಗ್ತಿದ್ರಿ."

ಜಯದೇವಪ್ಪ ಸ್ಟೂಲನ್ನು ಎಳೆದುಕೊಂಡು ಕೂತರು. "ಇನ್ಮೇಲೆ ಎಲ್ಲಿಗೂ ಹೋಗಲ್ಲ ಕಣೆ. ಇಲ್ಲೇ ಕೂರ್ತೀನಿ."

"ಮೂರು ದಿನ ಕೂರ್ತೀರಿ," ಎಂದರು ರುದ್ರಾಣಮ್ಮ, ಅಡುಗೆಮನೆಯತ್ತ ಹೆಜ್ಜೆ ಹಾಕುತ್ತಾ. "ನಾಲ್ಕನೇ ದಿನ ನಾನು ಇನ್ನೊಂದು ಕಾಲು ಮುರ್ಕೋಬೇಕು."