ನಮ್ಮ ಕ್ಲಬ್ಬಿನ ಎಡಗಾಲು

ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಯಾರೂ ನಿವೃತ್ತಿ ಆದದ್ದಿಲ್ಲ, ಏನಾದರೊಂದು ಅನಾಹುತ ಆಗಿಯೇ ಆಟ ಬಿಟ್ಟವರು. ಬೇರೆ ಊರಿನ ದಿಗ್ಗಜರು ಹಾರ ಹಾಕಿಸಿಕೊಂಡು, ಕೈ ಬೀಸಿ ಮೈದಾನ ಬಿಡುವ ಫೋಟೋ ಪೇಪರಿನಲ್ಲಿ ಬರುತ್ತದೆ. ನಮ್ಮವರ ಜೀವನಚರಿತ್ರೆ ಬೇಕೆಂದರೆ ಎಕ್ಸ್‌ರೇಗಳನ್ನು ಸಾಲಾಗಿ ಜೋಡಿಸಿದರೆ ಸಾಕು.

ನಾನು ದಿಗ್ಗಜನಲ್ಲ. ಬೀದರ್-ಔರಾದ್ ಬಸ್ಸಿನ ಕಂಡಕ್ಟರ್ ಆಗಿದ್ದವ. ಹಗಲೆಲ್ಲ ಗಾಡಿಯಲ್ಲಿ ರೈಟ್ ರೈಟ್ ಅಂದು, ಸಂಜೆ ಮೈದಾನದಲ್ಲಿ ರೈಟ್ ಬ್ಯಾಕ್ ಆಡಿದವ. ದಿಗ್ಗಜರು ಮೂವರು. ಗೋಲ್‌ಕೀಪರ್ ಒಬ್ಬ, ಅವನನ್ನು ನಾವು ಗೋಲಿ ಅನ್ನುತ್ತಿದ್ದೆವು. ಕ್ಯಾಪ್ಟನ್ ಒಬ್ಬರು, ಔರಾದ್ ಕಡೆಯ ಎಕಂಬಾದವರು, ಸಾಲಿ ಮಾಸ್ತರು. ಮೂರನೆಯವರು ಮುಂದೆ ನಿಂತು ಗೋಲ್ ಹೊಡೆಯುವ ಲೆಫ್ಟ್‌ಸಾಬ್. ಅವರು ಬೀದರಿನಲ್ಲಿ ಟೇಲರ್. ಅವರ ಎಡಗಾಲು ಹಗಲು ಹೊಲಿಗೆ ಮಷೀನು ತುಳಿಯುತ್ತಿತ್ತು, ಸಂಜೆ ಎದುರಿನವರ ಮಾನ ತೆಗೆಯುತ್ತಿತ್ತು.

೧. ಗೋಲಿಯ ಕೊನೆಯ ಕ್ಯಾಚ್

ಗೋಲಿ ಖಟಕ ಚಿಂಚೋಳಿಯವ, ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ಹಮಾಲಿ. ಕ್ವಿಂಟಲ್ ಚೀಲ ಹಿಡಿದ ಕೈ, ಅದರಿಂದ ಬಾಲ್ ಜಾರಿದ್ದನ್ನು ನಾವು ಕಂಡಿರಲಿಲ್ಲ.

ಅದು ತೊಗರಿ ಸೀಸನ್ನು. ಬೆಳಗಿನಿಂದ ಲಾರಿ ತುಂಬಿ, ಊಟ ಬಿಟ್ಟು, ಗಂಜಿನಿಂದ ನೇರ ಭಾಲ್ಕಿಯ ಮ್ಯಾಚಿಗೆ ಬಂದಿದ್ದ. ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದವು. ಆಟ ಮುಗಿಯುವ ಹೊತ್ತಿಗೆ ಮೇಲಿಂದ ಒಂದು ಬಾಲ್ ಬಂತು. ಹಿಡಿದ. ಹಿಡಿದವನು ಕೈ ರೂಢಿಯಂತೆ ಅದನ್ನು ಹೆಗಲಿಗೇರಿಸಿದ, ಸೊಂಟ ಬಗ್ಗಿಸಿದ, ತಿರುಗಿ ನಿಧಾನಕ್ಕೆ ನಡೆಯುತ್ತ ನಮ್ಮದೇ ಗೋಲಿನ ಒಳಗೆ ಹೋದ. ಅಲ್ಲಿ ನಿಂತು ಕ್ಯಾಪ್ಟನ್ನರನ್ನು ಕೇಳಿದ:

"ಎಲ್ಲಿ ಇಳಸ್ಲಿರಿ?"

ಸೋತೆವು. ಬೈಯಲು ಯಾರಿಗೂ ಬಾಯಿ ಬರಲಿಲ್ಲ, ಅವನು ಅಲ್ಲೇ ಬಾಲ್ ತಲೆಗಿಟ್ಟುಕೊಂಡು ನಿದ್ದೆ ಹೋಗಿದ್ದ. ಮುಂದಿನ ಸುಗ್ಗಿಯಲ್ಲಿ ಅವನ ಬೆನ್ನು ಹೋಯಿತು. ಅವತ್ತಿನಿಂದ ನೆಲ ನೋಡುತ್ತಲೇ ನಡೆಯುತ್ತಾನೆ. ಗೊತ್ತಿಲ್ಲದವರು ಪಾಪ ಅಂದುಕೊಂಡು ಕೇಳುತ್ತಾರೆ, "ಏನ್ ಕಳಕೊಂಡೀರಿ?"

"ಬಾಲ್ ರಿ," ಅನ್ನುತ್ತಾನೆ.

೨. ಎರಡು ನಿಮಿಷ ಮೌನ

ಕ್ಯಾಪ್ಟನ್ ಮಾಸ್ತರದ್ದು ತಲೆಯ ಆಟ. ನಮ್ಮ ಕಾಲದ ಚರ್ಮದ ಬಾಲ್ ಮಳೆಯಲ್ಲಿ ನೆನೆದರೆ ಬೀಸುಕಲ್ಲು. ಅದನ್ನು ಅವರು ಹಣೆಯಿಂದಲೇ ಹೊಡೆಯುತ್ತಿದ್ದರು. ವಯಸ್ಸಾದ ಮೇಲೆ ಮರೆವು ಬಂತು. ಬಾಲಿಗೆ ತಲೆ ಕೊಟ್ಟದ್ದಕ್ಕೇ ಹೀಗಾಯಿತು ಅಂತ ಅವರ ಮನೆಯವರು ಇವತ್ತಿಗೂ ನಮ್ಮನ್ನು ಶಪಿಸುತ್ತಾರೆ.

ಎರಡು ವರ್ಷದ ಹಿಂದೆ ಔರಾದಿನಲ್ಲಿ ಲೆಫ್ಟ್‌ಸಾಬರಿಗೆ ಸನ್ಮಾನ ಇಟ್ಟುಕೊಂಡರು. ಬ್ಯಾನರ್ ಮಾಡಿದವನು ಹಳೆಯ ಫೋಟೋವನ್ನು ಉಲ್ಟಾ ಅಚ್ಚು ಹಾಕಿದ್ದ. ಅದರಲ್ಲಿ ಸಾಬರು ಬಲಗಾಲಿನಿಂದ ಒದೆಯುತ್ತಿದ್ದರು. ಅವರು ಅದನ್ನು ನೋಡಿದರು, ಬ್ಯಾನರಿಗೆ ಬೆನ್ನು ಹಾಕಿ ಕುಳಿತರು.

ಭಾಷಣಕ್ಕೆ ಮಾಸ್ತರು ಎದ್ದರು. ಚಂದ ಮಾತಾಡಿದರು. ಅಂಥ ಎಡಗಾಲು ಈ ಜಿಲ್ಲೆಯಲ್ಲಿ ಇನ್ನೊಂದು ಹುಟ್ಟಲಿಲ್ಲ ಅಂದರು. ಅಲ್ಲಿಯತನಕ ಸರಿ ಇತ್ತು. ಆಮೇಲೆ ಕಣ್ಣೊರೆಸಿಕೊಂಡು, "ಅವರ ಆತ್ಮಕ್ಕ ಶಾಂತಿ ಸಿಗಲಿ ಅಂತ ಎಲ್ಲಾರೂ ಎರಡು ನಿಮಿಷ ಮೌನ ಆಚರಿಸ್ರಿ," ಅಂದುಬಿಟ್ಟರು.

ಜನ ಒಬ್ಬರ ಮುಖ ಒಬ್ಬರು ನೋಡುತ್ತ ಎದ್ದು ನಿಂತರು. ನಾನೂ ನಿಂತು ತಲೆ ತಗ್ಗಿಸಿದೆ. ಆಗಲೇ ಕಂಡದ್ದು, ಪಕ್ಕದಲ್ಲಿದ್ದ ಸಾಬರ ಎಡಗಾಲಿನ ಚಪ್ಪಲಿ ತುಂಬ ರಕ್ತ. ಅಟ್ಟೆಯಿಂದ ಒಂದು ಮೊಳೆ ಎದ್ದು ಹೆಬ್ಬೆರಳಿಗೆ ನಟ್ಟಿತ್ತು. ಸಾಬರಿಗೆ ಶುಗರ್ ಇತ್ತು, ಅಂಥವರ ಕಾಲಿಗೆ ನೋವು ತಿಳಿಯುವುದಿಲ್ಲವಂತೆ. ಅವರಿಗೆ ಖಬರೇ ಇರಲಿಲ್ಲ. ಅವರು ಮಾತ್ರ ಕೈ ಕಟ್ಟಿ, ಎಲ್ಲರಿಗಿಂತ ನೆಟ್ಟಗೆ ನಿಂತಿದ್ದರು.

ಮೌನ ಮುಗಿಯಿತು. ಸಾಬರು ನನ್ನ ಕಿವಿಯಲ್ಲಿ ಕೇಳಿದರು, "ಪಾಪ, ಯಾರ್ ಹೋದ್ರು ಕಂಡಕ್ಟರ್?"

೩. ಬಲಗಾಲಿನ ಮೇಲೆ ದೂರು

ಗಾಯ ಮಾಯಲಿಲ್ಲ. ಬೆರಳಿನಿಂದ ಪಾದಕ್ಕೆ, ಪಾದದಿಂದ ಮೇಲಕ್ಕೆ ಏರಿತು. ಬೀದರಿನ ಆಸ್ಪತ್ರೆಯಲ್ಲಿ ಡಾಕ್ಟರ್ ನೇರವಾಗಿ ಹೇಳಿದರು. ಮೊಣಕಾಲಿನ ಕೆಳಗೆ ತೆಗೆಯಬೇಕು, ತೆಗೆಯದಿದ್ದರೆ ಮನುಷ್ಯ ಉಳಿಯುವುದಿಲ್ಲ.

ಸಾಬರು ಒಲ್ಲೆ ಅಂದರು. ಒಪ್ಪಿಸಲಿಕ್ಕೆ ನಾವು ಮೂವರು ಹೋದೆವು. ಬೆನ್ನು ಬಗ್ಗಿದವ, ಮರೆವಿನವ, ಮತ್ತು ನಾನು. ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

"ಈ ಕಾಲ್ ಹೋದ್ ಮ್ಯಾಲ ನಾ ಯಾರು ಹೇಳ್ರಿ? ಬಜಾರದಾಗ ನನ್ನ ಹೆಸರ ಯಾರಿಗೂ ಗೊತ್ತಿಲ್ಲ. ಲೆಫ್ಟ್‌ಸಾಬ್ ಅಂತಾರ. ಲೆಫ್ಟೇ ಇಲ್ಲಂದ್ರ ಖಾಲಿ ಸಾಬ್ ಉಳೀತಾನ."

ಅಷ್ಟರಲ್ಲಿ ಡಾಕ್ಟರ್ ಬಂದರು. ಸಾಬರು ಎದ್ದು ಕುಳಿತು, ಬಟ್ಟೆ ಅಂಗಡಿಯಲ್ಲಿ ಚೌಕಾಸಿ ಮಾಡುವ ದನಿಯಲ್ಲಿ ಅಂದರು, "ಡಾಕ್ಟರ್ ಸಾಬ್, ಒಂದ್ ಕಾಲ್ ನಿಮಗ ಬೇಕೇ ಬೇಕಂದ್ರ ಬಲಗಾಲ್ ತಗೋರಿ. ಜಿಂದಗಿಯಾಗ ಒಂದ್ ಗೋಲ್ ಹೊಡೆದಿಲ್ಲ. ಖಾಲಿ ಪೀಲಿ, ಸುಮ್ಮ ಸುಮ್ಮನ ಜೊತಿಗಿ ಓಡ್ಯಾಡ್ಯದ."

ಡಾಕ್ಟರರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಮೂಲೆಯಲ್ಲಿ ಸಾಬರ ಹೆಂಡತಿ ಕುಳಿತಿದ್ದರು. ಮೂರು ದಿನದಿಂದ ಮಾತಾಡದೆ ಇದ್ದವರು ಈಗ ಎದ್ದು ಬಂದರು.

"ನಾ ನಿಕಾಹ್ ಮಾಡ್ಕೊಂಡಿದ್ದು ನಿಮಗ. ನಿಮ್ಮ ಕಾಲಿಗಿ ಅಲ್ಲ. ಸಹಿ ಹಾಕ್ರಿ."

ಸಾಬರು ಹಾಕಿದರು. ಹಾಕಿ ನಮ್ಮ ಕಡೆ ತಿರುಗಿ ಗೊಣಗಿದರು, "ನೋಡ್ರಿ, ನಲವತ್ತು ವರ್ಷ ಆದ ಮ್ಯಾಲ ಹೇಳ್ತಾಳ."

೪. ಇದಲ್ಲ

ಆಪರೇಷನ್ನಿನ ಬೆಳಿಗ್ಗೆ ಸಾಬರಿಗೆ ಹೊಸ ಹೆದರಿಕೆ ಶುರುವಾಯಿತು. "ಔರಾದದಾಗ ಬ್ಯಾನರ್ ಮಾಡೋನೇ ಎಡ ಬಲ ಅದಲಬದಲ ಮಾಡ್ಯಾನ. ಇವರು ಮಾಡಂಗಿಲ್ಲ ಅಂತ ಏನ್ ಗ್ಯಾರಂಟಿ? ಬಲಗಾಲ್ ಮ್ಯಾಲ 'ಇದಲ್ಲ' ಅಂತ ಬರದು ಇಡ್ರಿ."

ಅಕ್ಷರ ಮಾಸ್ತರದ್ದು ಮುತ್ತು. ಪೆನ್ನು ಅವರ ಕೈಗೆ ಕೊಟ್ಟು ನಾನು ಚಹಾ ತರಲು ಹೋದೆ. ತಿರುಗಿ ಬಂದಾಗ ಮಾಸ್ತರು ಬಾಗಿಲಲ್ಲಿ ನಿಂತಿದ್ದರು.

"ಬರದ್ರೇನ್ರಿ?"

"ಬರದೆ."

"ಏನಂತ?"

"ಇದು."

"ಮಾಸ್ತರ್ರ, ಅಲ್ಲ ಅಂತ ಬರೀಬೇಕಿತ್ತಲ್ರಿ!"

"ಹೌದಲ್ಲ," ಅಂದು ಲಗುಬಗೆಯಿಂದ ಒಳಗೆ ಹೋದರು. ನಾನು ಚಹಾದ ಲೋಟ ಇಟ್ಟು ಹಿಂದೆಯೇ ಓಡುವಷ್ಟರಲ್ಲಿ ಅದೂ ಮುಗಿದಿತ್ತು. ಬಲಗಾಲಿನ ಮೇಲೆ 'ಇದು' ಹಾಗೆಯೇ ಇತ್ತು. ಎಡಗಾಲು ಖಾಲಿ ಕಂಡಿರಬೇಕು, ಅದರ ಮೊಣಕಾಲಿನ ಮೇಲೆ ಗುಂಡಗೆ 'ಅಲ್ಲ' ಅಂತ ಬರೆದಿದ್ದರು. ಆಸ್ಪತ್ರೆಯವರು ಸಾಬರಿಗೆ ಆಗಲೇ ನಿದ್ದೆಯ ಸೂಜಿ ಹಾಕಿದ್ದರು, ಅವರು ಅರೆನಿದ್ದೆಯಲ್ಲಿ ನೆಮ್ಮದಿಯಿಂದ ನಗುತ್ತಿದ್ದರು.

ನರ್ಸಮ್ಮ ಬಂದಳು. ಒಂದು ಕಾಲು ಓದಿದಳು, ಇನ್ನೊಂದು ಕಾಲು ಓದಿದಳು. ಸ್ಪಿರಿಟ್ ಬಾಟಲಿ ತರಿಸಿ, ಎರಡೂ ಕಾಲು ತಾನೇ ತಿಕ್ಕಿ ತೊಳೆದಳು. ಡಾಕ್ಟರ್ ಬಂದು, ಕೇಸ್ ಪೇಪರ್ ನೋಡಿ, ಎಡಗಾಲಿಗೆ ತಮ್ಮ ಗುರುತು ಹಾಕಿದರು. ನಂತರ ನಮ್ಮ ಮೂವರನ್ನೂ ಹೊರಗೆ ಹಾಕಿ ಬಾಗಿಲು ಹಾಕಿಸಿದರು.

ಹೊರಗೆ ಬೆಂಚಿನ ಮೇಲೆ ಕುಳಿತ ಮಾಸ್ತರು ಮೆಲ್ಲಗೆ ಕೇಳಿದರು, "ಒಳಗ ಯಾರ್ ಅದಾರ್ರಿ?"

೫. ಮಣ್ಣು

ದೇಹದಿಂದ ಬೇರೆಯಾದ ಅಂಗವನ್ನು ಮುಸಲ್ಮಾನರಲ್ಲಿ ಬಿಸಾಡುವುದಿಲ್ಲ, ಬಿಳಿ ಬಟ್ಟೆ ಸುತ್ತಿ ಮಣ್ಣು ಮಾಡುತ್ತಾರೆ. ಸಾಬರಿಗೆ ಮಕ್ಕಳಿಲ್ಲ. ಹೆಂಡತಿ ಅಂಗಡಿಯಿಂದಲೇ ಬಟ್ಟೆ ತಂದುಕೊಟ್ಟು, "ಭಾಯಿ, ನೀವೇ ಹೋಗಿ ಬರ್ರಿ," ಅಂದರು. ಗಂಟನ್ನು ಗೋಲಿ ಎತ್ತಿಕೊಂಡ. ಬೆನ್ನು ನೋಯುತ್ತದೆ ಬಿಡು ಅಂದರೂ ಕೊಡಲಿಲ್ಲ.

ಖಬರಸ್ತಾನದಲ್ಲಿ ಸಾಬರ ತಂದೆಯ ಗೋರಿಯ ಪಕ್ಕ ಸಣ್ಣ ಕುಣಿ ತೋಡಿದ್ದರು. ಇದಕ್ಕೆ ನಮಾಜ್ ಇರುವುದಿಲ್ಲ ಅಂತ ಮೊದಲೇ ಹೇಳಿದ್ದರು. ಸುಮ್ಮನೆ ನಿಂತೆವು. ಆ ಕಾಲು ಗೋಲ್ ಹೊಡೆದಾಗ ಭಾಲ್ಕಿಯ ಮೈದಾನದಲ್ಲಿ ಜನ ನಮ್ಮನ್ನೆಲ್ಲ ಹೆಗಲ ಮೇಲೆ ಹೊತ್ತಿದ್ದರು. ಈಗ ಅದು ಗೋಲಿಯ ತೋಳಿನಲ್ಲಿ ಎಷ್ಟು ಚಿಕ್ಕದಾಗಿ ಕಾಣುತ್ತಿತ್ತೆಂದರೆ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಮಾಸ್ತರೂ ಅತ್ತರು, ಯಾಕೆಂದು ಅವರಿಗೆ ನೆನಪಿತ್ತೋ ಇಲ್ಲವೋ.

ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹಿರಿಯರು ಇದನ್ನು ನೋಡಿ ಒಳಗೆ ಬಂದರು. ಸಣ್ಣ ಕುಣಿ, ಸಣ್ಣ ಗಂಟು, ಅಳುವ ಮುದುಕರು. ಅವರ ಕಣ್ಣೂ ತುಂಬಿತು. ಗೋಲಿಯ ಹೆಗಲ ಮೇಲೆ ಕೈಯಿಟ್ಟು ಕೇಳಿದರು:

"ಬಚ್ಚಾಗ ಎಷ್ಟ್ ವಯಸ್ಸಾಗಿತ್ತಪಾ?"

ಗೋಲಿ ಮೂಗು ಒರೆಸಿಕೊಂಡು ಹೇಳಿದ, "ಅರವತ್ತೆಂಟ್ ರಿ."

ಸಂಜೆ ಆಸ್ಪತ್ರೆಗೆ ಹೋದೆವು. ಸಾಬರಿಗೆ ಎಚ್ಚರವಾಗಿತ್ತು. ಹೊದಿಕೆಯ ಒಂದು ಬದಿ ಚಪ್ಪಟೆಯಾಗಿತ್ತು, ಅದನ್ನು ನೋಡಲಾರದೆ ನಾವು ಫ್ಯಾನು ನೋಡುತ್ತ ನಿಂತೆವು. ಅವರ ಹೆಂಡತಿ ಮೂಸಂಬಿ ಸುಲಿಯುತ್ತಿದ್ದರು.

"ಎಲ್ಲಿ ಇಟ್ರಿ?" ಅಂತ ಸಾಬರೇ ಕೇಳಿದರು.

"ನಿಮ್ಮ ಅಬ್ಬಾರ ಬಾಜೂಕ ಸಾಬ್," ಅಂದೆ.

ಸಾಬರ ಕಣ್ಣಿನ ಮೂಲೆಯಿಂದ ನೀರು ಇಳಿದು ದಿಂಬಿಗೆ ಹೋಯಿತು. ಇವರು ಬದುಕುವ ಆಸೆ ಬಿಟ್ಟರು, ಕಾಲಿನ ಹಿಂದೆಯೇ ಹೊರಟರು ಅಂತ ನನಗೆ ಅನಿಸಿತು. ಆಗ ಅವರು ಕೇಳಿದರು, "ಅಂದ್ರ ನಾ ಇಲ್ಲೇ ಅದೀನಿ, ನನ್ನ ಕಾಲ್ ಮುಂದ ಹೋಗಿ ನಿಂತದ?"

"ಹೌದ್ರಿ."

"ಆಫ್‌ಸೈಡ್," ಅಂದರು.

ಹೆಂಡತಿ ಗಾಬರಿಯಾದರು. "ಏನಂತಾರ ಭಾಯಿ? ಮತ್ತೇನರ ಆಯ್ತೇನು?"

"ಏನಿಲ್ಲ ಬೇಗಂ," ಅಂತ ಸಾಬರೇ ತಿಳಿಸಿ ಹೇಳಿದರು. "ಬಾಲ್ ಬರೋಕಿಂತ ಮೊದ್ಲೇ ಮುಂದ ಹೋಗಿ ನಿಂತ್ರ ಗೋಲ್ ಲೆಕ್ಕಕ್ಕ ಬರಂಗಿಲ್ಲ. ಆಟ ಚಾಲೂ ಅದ. ಆ ಮೂಸಂಬಿ ಕೊಡು."